ಹಕ್ಕಿ ಎಂದಾಗ ಹಕ್ಕಿ ತೋರಿಸಬೇಡಿ

‘ದೃಶ್ಯಕಾವ್ಯ’ ಎಂಬ ಪದದಿಂದಲೇ ಶುರುಮಾಡುತ್ತೇನೆ, ತಕರಾರಿರುವುದೇ ಅಲ್ಲಿ. ಹಳೆಯ ಅಲಂಕಾರಶಾಸ್ತ್ರದಲ್ಲಿ ದೃಶ್ಯಕಾವ್ಯ ಎಂದರೆ ನಾಟಕ. ಕಿವಿಯಿಂದ ಕೇಳುವುದು ಶ್ರವ್ಯ, ರಂಗದ ಮೇಲೆ ಕಾಣುವುದು ದೃಶ್ಯ. ಈಗ ಸಿನಿಮಾ ವಿಮರ್ಶೆಯಲ್ಲಿ ಆ ಪದಕ್ಕೆ ಬೇರೆ ಕೆಲಸ ಬಿದ್ದಿದೆ. ಮಲೆನಾಡಿನ ಮಂಜು, ಡ್ರೋನಿನಿಂದ ಕಂಡ ಜಲಪಾತ, ಹಿಂದೊಂದು ಕೊಳಲು ಇದ್ದರೆ ಸಾಕು, ‘ಇದೊಂದು ದೃಶ್ಯಕಾವ್ಯ’ ಎಂದು ಬರೆದುಬಿಡುತ್ತಾರೆ. ಅದು ಕ್ಯಾಮೆರಾದವರಿಗೆ ಕೊಟ್ಟ ಶಹಬ್ಬಾಸ್, ಅಷ್ಟೆ. ಚಂದದ ಪದಗಳನ್ನು ರಾಶಿ ಹಾಕಿದರೆ ಕವಿತೆಯಾಗುವುದಿಲ್ಲ ಎಂದು ಒಪ್ಪುವವರೇ ಚಂದದ ಚಿತ್ರಗಳ ರಾಶಿ ಕಂಡಾಗ ಮೈಮರೆಯುತ್ತಾರೆ.

ಕಿರುಚಿತ್ರದೊಳಗೆ ಕಾವ್ಯ ಹುಟ್ಟುವ ಜಾಗ ಎರಡು: ಒಂದು ಶಾಟ್ ಇನ್ನೊಂದಕ್ಕೆ ತಗುಲುವ ಬೆಸುಗೆ, ಮತ್ತು ಆ ಶಾಟ್ ಪರದೆಯ ಮೇಲೆ ನಿಲ್ಲುವ ಹೊತ್ತು. ಇವತ್ತು ಮಾತಾಡುವುದೆಲ್ಲ ಈ ಎರಡರ ಸುತ್ತಲೇ.

ಮೊದಲು, ತೀರ ಸಾಮಾನ್ಯವಾದ ಒಂದು ತಪ್ಪು ನೋಡೋಣ. ಕವಿತೆ ಚಿತ್ರ ಮಾಡುತ್ತೇವೆ ಎಂದು ಹೊರಟವರು ಹೆಚ್ಚಾಗಿ ಒಂದು ಕವಿತೆಯನ್ನು ಒಳ್ಳೆಯ ಕಂಠದಲ್ಲಿ ಓದಿಸಿ, ಸಾಲಿಗೊಂದರಂತೆ ಚಿತ್ರ ಅಂಟಿಸುತ್ತಾರೆ. ‘ನದಿ’ ಎಂದಾಗ ನದಿ, ‘ಕಣ್ಣೀರು’ ಎಂದಾಗ ಕೆನ್ನೆಯ ಮೇಲೊಂದು ಹನಿ. ಬೇಂದ್ರೆಯವರ ಹಾರುವ ಹಕ್ಕಿಯನ್ನು ನೆನೆದುಕೊಳ್ಳಿ. ಆ ಹಕ್ಕಿ ಕಾಲ. ಪರದೆಯ ಮೇಲೆ ನೀವೊಂದು ಗರುಡವನ್ನೋ ಬೆಳ್ಳಕ್ಕಿಯನ್ನೋ ಹಾರಿಸಿದಿರಿ ಎಂದುಕೊಳ್ಳಿ, ಕವಿತೆ ಅಲ್ಲೇ ಮುಗಿಯಿತು. ಓದುಗನ ತಲೆಯಲ್ಲಿ ಯುಗಗಳಷ್ಟು ಹರಡಿಕೊಂಡಿದ್ದ ರೆಕ್ಕೆ ಒಂದು ಗೇಣಿಗೆ ಇಳಿಯಿತು. ಕವಿ ‘ಹಕ್ಕಿ’ ಎಂದು ಹೇಳಿ ‘ಕಾಲ’ ಎನ್ನುವುದನ್ನು ಧ್ವನಿಗೆ, ಅಂದರೆ ಹೇಳದೆ ಹೊಳೆಯುವ ಅರ್ಥಕ್ಕೆ, ಬಿಟ್ಟಿದ್ದರು. ನೀವು ಧ್ವನಿಯನ್ನು ಕಿತ್ತು ವಾಚ್ಯವನ್ನು ಮಾತ್ರ ಉಳಿಸಿದಿರಿ.

ಹಾಗಾದರೆ ಏನು ತೋರಿಸಬಹುದು? ಒಂದು ದಾರಿ ಹೇಳುತ್ತೇನೆ. ಕಿಟಕಿಯ ಬಿಸಿಲು ನೆಲದ ಮೇಲೆ ಬಿದ್ದ ಚೌಕ. ಫೋನನ್ನು ಟ್ರೈಪಾಡಿಗೆ ಬಿಗಿದು, 10 ಸೆಕೆಂಡಿಗೊಂದು ಫೋಟೋದಂತೆ 2 ಗಂಟೆ ತೆಗೆದರೆ 720 ಫೋಟೋ. ಸೆಕೆಂಡಿಗೆ 24ರಂತೆ ಓಡಿಸಿದರೆ 30 ಸೆಕೆಂಡು. ಚೌಕ ನೆಲದಿಂದ ಗೋಡೆಗೆ ಹತ್ತಿ, ಮಡಚಿಕೊಂಡು, ಮಾಯವಾಗುತ್ತದೆ. ಕಂಠ ಹಕ್ಕಿ ಎನ್ನುತ್ತಿದೆ, ಕಣ್ಣು ಬೆಳಕನ್ನು ನೋಡುತ್ತಿದೆ, ಎರಡೂ ಸೇರುವುದು ನೋಡುವವನೊಳಗೆ. ಇದರಲ್ಲಿ ಕೆಡುವುದು ಒಂದೇ: ಫೋನಿನ ಆಟೋ ಎಕ್ಸ್‌ಪೋಷರ್. ಮೋಡ ಅಡ್ಡ ಬಂದಾಗಲೆಲ್ಲ ಅದು ತಾನೇ ಬೆಳಕು ಹೆಚ್ಚಿಸುತ್ತದೆ, ಕೋಣೆ ಮಿಣಮಿಣ ಅನ್ನುತ್ತದೆ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಲಾಕ್ ಮಾಡಿದ ಮೇಲೆ ಮೋಡ ಬಂದರೆ ಚೌಕ ಮಂಕಾಗುತ್ತದೆ. ಆಗಲಿ ಬಿಡಿ, ಅದೂ ಕಾಲವೇ.

1953ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಸಿನಿಮಾ 16 ಎಂಬ ಚಿತ್ರಸಮಾಜ ಕಾವ್ಯ ಮತ್ತು ಸಿನಿಮಾ ಕುರಿತು ಒಂದು ಚರ್ಚೆ ಇಟ್ಟುಕೊಂಡಿತ್ತು. ವೇದಿಕೆಯ ಮೇಲೆ ಪ್ರಾಯೋಗಿಕ ಚಿತ್ರಗಳ ನಿರ್ದೇಶಕಿ ಮಾಯಾ ಡೆರೆನ್, ಕವಿ ಡಿಲನ್ ಥಾಮಸ್, ನಾಟಕಕಾರ ಆರ್ಥರ್ ಮಿಲ್ಲರ್ ಎಲ್ಲ ಇದ್ದರು. ಡೆರೆನ್ ಅಲ್ಲಿ ಒಂದು ವಿಂಗಡಣೆ ಮುಂದಿಟ್ಟರು. ನಾಟಕ ಅಡ್ಡಡ್ಡ ಸಾಗುತ್ತದೆ, ಒಂದು ಘಟನೆಯಿಂದ ಇನ್ನೊಂದಕ್ಕೆ. ಕಾವ್ಯ ಲಂಬವಾಗಿ ಇಳಿಯುತ್ತದೆ, ಒಂದೇ ಕ್ಷಣದೊಳಕ್ಕೆ. ಡಿಲನ್ ಥಾಮಸ್ ಇದನ್ನು ಗೇಲಿ ಮಾಡಿದರು, ಸಭೆಯೂ ನಕ್ಕಿತು. ಆದರೂ ಎಪ್ಪತ್ತು ವರ್ಷ ಬಾಳಿದ ಮಾತು ಡೆರೆನ್ ಅವರದೇ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಥೆ ದಾರಿ, ಕವಿತೆ ಬಾವಿ.

ಸಂಗೀತ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆರವಲ್‌ನಲ್ಲಿ ಒಂದೇ ಸಾಲನ್ನು ಹತ್ತು ಬಗೆಯಲ್ಲಿ ಹಾಡುತ್ತಾರೆ, ಕೃತಿ ಒಂದಿಂಚೂ ಮುಂದೆ ಹೋಗುವುದಿಲ್ಲ, ಯಾರೂ ‘ಮುಂದಿನ ಸಾಲು ಯಾವಾಗ’ ಎಂದು ಗಡಿಯಾರ ನೋಡುವುದಿಲ್ಲ. ಯಕ್ಷಗಾನದಲ್ಲೂ ಅಷ್ಟೇ, ಭಾಗವತರು ಒಂದು ಪದ್ಯವನ್ನು ಎಳೆದು ಹಾಡುತ್ತ ಹೋದಾಗ ಪ್ರಸಂಗ ನಿಂತಿರುತ್ತದೆ, ಕುಣಿತ ಆಳಕ್ಕೆ ಇಳಿಯುತ್ತಿರುತ್ತದೆ. ಅದೇ ಪ್ರೇಕ್ಷಕರು ಐದು ನಿಮಿಷದ ಪ್ರಾಯೋಗಿಕ ಚಿತ್ರ ನೋಡಿ ‘ಕಥೆ ಏನು’ ಎಂದು ಕೇಳುವುದು ತಮಾಷೆಯೇ.

ಈಗ ಬೆಸುಗೆಗೆ ಬರೋಣ. ಡೆರೆನ್ 1943ರಲ್ಲಿ ಗಂಡ ಅಲೆಕ್ಸಾಂಡರ್ ಹ್ಯಾಮಿಡ್ ಜೊತೆ ಲಾಸ್ ಏಂಜಲೀಸಿನ ತಮ್ಮ ಮನೆಯಲ್ಲೇ ಮಾಡಿದ ‘ಮೆಷಸ್ ಆಫ್ ದಿ ಆಫ್ಟರ್‌ನೂನ್’ 14 ನಿಮಿಷದ ಚಿತ್ರ. ಅದರಲ್ಲೊಂದು ಕಡೆ ಹೆಂಗಸು ಕತ್ತಿ ಹಿಡಿದು ಏಳುತ್ತಾಳೆ, ಕೆಲವೇ ಹೆಜ್ಜೆ ಇಡುತ್ತಾಳೆ. ಹೆಜ್ಜೆ ಬೀಳುವುದು ಮರಳಿನ ಮೇಲೆ, ಹುಲ್ಲಿನ ಮೇಲೆ, ಕಲ್ಲುಹಾಸಿನ ಮೇಲೆ, ಕೊನೆಗೆ ಕೋಣೆಯ ಜಮಖಾನದ ಮೇಲೆ. ಒಂದು ಕೋಣೆ ದಾಟಲು ಭೂಮಿಯನ್ನೇ ದಾಟಿದಂತಾಗುತ್ತದೆ. ಮಾತಿನಲ್ಲಿ ಇದನ್ನು ಹೇಳಹೊರಟರೆ ಅರ್ಧ ಪುಟ ಬೇಕು.

1945ರ ‘ಎ ಸ್ಟಡಿ ಇನ್ ಕೊರಿಯಾಗ್ರಫಿ ಫಾರ್ ಕ್ಯಾಮೆರಾ’ದಲ್ಲಿ ಅವರು ಇದನ್ನು ಇನ್ನೂ ಬಿಗಿಗೊಳಿಸಿದರು. ಮೂರು ನಿಮಿಷದ ಆಸುಪಾಸು, ಶಬ್ದವೇ ಇಲ್ಲ, ಒಬ್ಬನೇ ನರ್ತಕ, ಟ್ಯಾಲಿ ಬೀಟಿ. ಕಾಡಿನಲ್ಲಿ ಎತ್ತಿದ ಅವನ ಕಾಲು ಕೋಣೆಯೊಳಗೆ ಇಳಿಯುತ್ತದೆ. ನೋಡುವಾಗ ಮಾಂತ್ರಿಕತೆ ಎನಿಸುತ್ತದೆ, ಮಾಡುವಾಗ ಅದು ಅಳತೆ ಪಟ್ಟಿಯ ಕೆಲಸ. ಹೇಗೆಂದು ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ.

ಎರಡು ಜಾಗ ತೆಗೆದುಕೊಳ್ಳಿ: ಗದ್ದೆಯ ಬದು, ಮನೆಯ ಕೆಂಪು ಗಾರೆ ನೆಲ. ಕ್ಯಾಮೆರಾ ನೆಲದಿಂದ 40 ಸೆಂಟಿಮೀಟರ್ ಎತ್ತರ, ಪಾದದಿಂದ ಒಂದೂವರೆ ಮೀಟರ್ ದೂರ, ಲೆನ್ಸ್ ಎರಡೂ ಕಡೆ ಒಂದೇ. ಫೋನಾದರೆ ಜೂಮ್ ಮುಟ್ಟಬೇಡಿ. ನಡಿಗೆ ಎರಡೂ ಕಡೆ ಎಡದಿಂದ ಬಲಕ್ಕೆ. ಬದುವಿನ ಮೇಲೆ ಇಡೀ ಹೆಜ್ಜೆ ತೆಗೆಯಿರಿ: ಎತ್ತುವುದು, ಬೀಸುವುದು, ಊರುವುದು. ಗಾರೆ ನೆಲದ ಮೇಲೂ ಮತ್ತೆ ಪೂರ್ತಿ ಹೆಜ್ಜೆ. ‘ಅರ್ಧ ಇಲ್ಲಿ, ಅರ್ಧ ಅಲ್ಲಿ ಸಾಕು’ ಎಂದು ಉಳಿತಾಯ ಮಾಡಿದವರು ಎಡಿಟಿಂಗ್ ಟೇಬಲ್ಲಿನ ಮುಂದೆ ತಲೆ ಚಚ್ಚಿಕೊಳ್ಳುತ್ತಾರೆ, ಏಕೆಂದರೆ ನಿಲ್ಲಿಸಬೇಕೆಂದು ಗೊತ್ತಿರುವ ಕಾಲು ಮೊದಲೇ ನಿಧಾನವಾಗಿಬಿಡುತ್ತದೆ. ಕತ್ತರಿಸುವುದು ಪಾದ ಗಾಳಿಯಲ್ಲಿ ವೇಗವಾಗಿ ಚಲಿಸುತ್ತಿರುವಾಗ. ನೆಲಕ್ಕೆ ತಾಗಿದ ಮೇಲಲ್ಲ. ಎರಡನೆಯ ಶಾಟನ್ನು ಮೊದಲನೆಯದು ಮುಗಿದ ಬಿಂದುವಿಗಿಂತ ಎರಡು ಮೂರು ಫ್ರೇಮ್ (ಸೆಕೆಂಡಿಗೆ 24ರಂತೆ ಓಡುವ ಬಿಡಿ ಚಿತ್ರ) ಹಿಂದಿನಿಂದ ಶುರುಮಾಡಿ. ಲೆಕ್ಕಕ್ಕೆ ಇದು ತಪ್ಪು, ಚಲನೆ ಸ್ವಲ್ಪ ಮರುಕಳಿಸಿದಂತೆ. ಆದರೆ ಹೊಸ ಜಾಗ ಕಂಡ ಕ್ಷಣ ಕಣ್ಣು ಒಂದೆರಡು ಫ್ರೇಮ್ ಕಳೆದುಕೊಳ್ಳುತ್ತದೆ. ಕರಾರುವಾಕ್ಕಾಗಿ ಜೋಡಿಸಿದರೆ ಕಾಲು ಮುಗ್ಗರಿಸಿದಂತೆ ಕಾಣುತ್ತದೆ.

ಎಲ್ಲಿ ಕೆಡುತ್ತದೆ? ವೇಗದಲ್ಲಿ. ಕೆಸರಿನ ಬದುವಿನ ಮೇಲೆ ಕಾಲು ತಾನಾಗಿ ತಡವರಿಸುತ್ತದೆ, ನುಣುಪು ಗಾರೆಯ ಮೇಲೆ ಸರಾಗ. ಹೆಜ್ಜೆಗೊಂದು ಸೆಕೆಂಡಿನಂತೆ ಬಾಯಲ್ಲಿ ಎಣಿಸುತ್ತ ನಡೆಯಲು ಹೇಳಿ. ಬೆಳಕಿನ ದಿಕ್ಕು ಬದಲಾದರೆ ಚಿಂತೆಯಿಲ್ಲ, ಜಾಗ ಬೇರೆ ಎಂದು ಹೇಳುವುದೇ ನಮ್ಮ ಉದ್ದೇಶ. ನಿಜವಾಗಿ, ಎರಡು ಜಾಗ ಒಂದನ್ನೊಂದು ಹೋತರೇ ಅಪಾಯ. ಒಂದು ಹುಲ್ಲಿನಿಂದ ಇನ್ನೊಂದು ಹುಲ್ಲಿಗೆ ಹೆಜ್ಜೆ ಇಟ್ಟರೆ ಅದು ಪ್ರಾಸವಾಗುವುದಿಲ್ಲ, ಎಡಿಟರ್ ಎಡವಿದ ಹಾಗೆ ಕಾಣುತ್ತದೆ. ಪ್ರಾಸಕ್ಕೆ ಬೇಕಾದದ್ದು ಒಂದೇ ಅಕ್ಷರ, ಬೇರೆ ಪದ. ಇಲ್ಲಿ ಅಕ್ಷರ ಕಾಲು, ಪದ ನೆಲ.

ಟ್ಯಾಲಿ ಬೀಟಿಯ ಅದೇ ಚಿತ್ರದ ಆರಂಭದಲ್ಲಿ ಕ್ಯಾಮೆರಾ ಕಾಡಿನಲ್ಲಿ ಒಂದು ಸುತ್ತು ತಿರುಗುತ್ತದೆ, ನರ್ತಕ ಬೇರೆ ಬೇರೆ ಮರದ ಬಳಿ ಮತ್ತೆ ಮತ್ತೆ ಸಿಗುತ್ತಾನೆ. ನೀವು ಮಾಡಿ ನೋಡುವುದಾದರೆ ಕಟ್ ಅನ್ನು ಮರದ ಕಾಂಡದ ಹಿಂದೆ ಬಚ್ಚಿಡಿ: ಕಾಂಡ ಇಡೀ ಚೌಕಟ್ಟನ್ನು ತುಂಬಿದ ಫ್ರೇಮಿನಲ್ಲಿ ನಿಲ್ಲಿಸಿ, ವ್ಯಕ್ತಿಯನ್ನು ಮುಂದಕ್ಕೆ ಓಡಿಸಿ, ಅದೇ ಕಾಂಡದಿಂದ ಅದೇ ವೇಗದಲ್ಲಿ ಮತ್ತೆ ತಿರುಗಿಸಿ. ಅಡಕೆ ಮರ ಇದಕ್ಕೆ ತೀರ ಸಪೂರ. ಹಲಸು ಒಳ್ಳೆಯದು.

ಇಲ್ಲೊಂದು ಪಕ್ಕದ ಮಾತು. ಡೆರೆನ್ ಬಳಸಿದ್ದು 16 ಮಿಲಿಮೀಟರಿನ ಬೋಲೆಕ್ಸ್, ಗಡಿಯಾರದಂತೆ ಕೀಲಿ ಕೊಡುವ ಕ್ಯಾಮೆರಾ. ಒಮ್ಮೆ ಪೂರ್ತಿ ಕೀಲಿ ಕೊಟ್ಟರೆ ಸೆಕೆಂಡಿಗೆ 24 ಫ್ರೇಮಿನಂತೆ ಅರ್ಧ ನಿಮಿಷವೂ ಓಡುವುದಿಲ್ಲ. 100 ಅಡಿಯ ಸುರುಳಿ ಎಂದರೆ 4000 ಫ್ರೇಮ್, ಎರಡೂ ಮುಕ್ಕಾಲು ನಿಮಿಷ. ಶಾಟ್ ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂದು ಗುಂಡಿ ಒತ್ತುವ ಮೊದಲೇ ಗೊತ್ತಿರಲೇಬೇಕಿತ್ತು. ಫೋನು ಮೆಮೊರಿ ತುಂಬುವ ತನಕ ಓಡುತ್ತದೆ, ನಮ್ಮ ಅರ್ಧ ಸೋಮಾರಿತನ ಅಲ್ಲಿಂದಲೇ. ಒಂದು ಅಭ್ಯಾಸ ಮಾಡಿ: ಇಡೀ ಚಿತ್ರಕ್ಕೆ ಆರು ಸುರುಳಿ ಮಾತ್ರ, ಅಂದರೆ 17 ನಿಮಿಷಕ್ಕಿಂತ ಕಡಿಮೆ ಫುಟೇಜ್. ಮುಗಿದರೆ ಮುಗಿಯಿತು.

ಮಳೆಯ ಚಿತ್ರದ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ, ನಮ್ಮಲ್ಲಿ ಮಳೆ ಬಿಟ್ಟು ಕವಿತೆ ಎಲ್ಲಿದೆ. 1929ರಲ್ಲಿ ಯೋರಿಸ್ ಇವೆನ್ಸ್ ಮತ್ತು ಮನ್ನುಸ್ ಫ್ರಾಂಕನ್ ಆಮ್‌ಸ್ಟರ್‌ಡ್ಯಾಮಿನ ಒಂದು ಮಳೆಯನ್ನು ಸುಮಾರು 12 ನಿಮಿಷದ ಮೂಕಚಿತ್ರವಾಗಿಸಿದರು. ನೋಡುವವರಿಗೆ ಅದು ಒಂದು ಹೊತ್ತಿನ ಮಳೆ. ತೆಗೆದದ್ದು ತಿಂಗಳುಗಟ್ಟಲೆ, ಎಷ್ಟೋ ಮಳೆಗಳನ್ನು ಕೂಡಿಸಿ. ಕಾಲುವೆಯ ನೀರಿನ ಮೇಲೆ ಮೊದಲ ಹನಿಗಳು, ಒಬ್ಬ ಕೈ ಚಾಚಿ ನೋಡುತ್ತಾನೆ, ಕೊಡೆಗಳು ಬಿಚ್ಚಿಕೊಳ್ಳುತ್ತವೆ, ಟ್ರಾಮಿನ ಗಾಜು ಒದ್ದೆಯಾಗುತ್ತದೆ. ಮುಂದೆ 1941ರಲ್ಲಿ ಹಾನ್ಸ್ ಐಸ್ಲರ್ ಇದೇ ಚಿತ್ರಕ್ಕೆಂದು ಮಳೆಯನ್ನು ಬಣ್ಣಿಸುವ ಹದಿನಾಲ್ಕು ವಿಧಾನ ಎಂಬ ಅರ್ಥದ ಹೆಸರಿಟ್ಟು ಸಂಗೀತ ರಚಿಸಿದರು. ನೆರವಲ್ ಎಂದೆನಲ್ಲ, ಇದೂ ಅದೇ.

ಮಳೆ ಕ್ಯಾಮೆರಾಕ್ಕೆ ಸುಲಭವಾಗಿ ಕಾಣುವುದಿಲ್ಲ. ಬಿಳಿ ಆಕಾಶದ ಎದುರು ಧಾರಾಕಾರ ಮಳೆಯೂ ಮಾಯ. ಹಿಂದೆ ಕಪ್ಪು ಬೇಕು, ತೆರೆದ ಬಾಗಿಲಿನ ಕತ್ತಲೆಯೋ ಮರದ ದಟ್ಟ ನೆರಳೋ. ಬೆಳಕು ಮಳೆಯ ಆಚೆ ಬದಿಯಿಂದ ಬರಬೇಕು. ಶಟರ್ 1/50 ಸೆಕೆಂಡು ಇಟ್ಟರೆ ಮಳೆ ಗೆರೆಗಳಾಗಿ ಬೀಳುತ್ತದೆ, 1/500 ಇಟ್ಟರೆ ಮಣಿಗಳಾಗಿ. ಗೆರೆ ದೂರದ ನೆನಪಿನಂತೆ, ಮಣಿ ಚುಚ್ಚುವಂತೆ, ಭಾವಕ್ಕೆ ತಕ್ಕಂತೆ ಆರಿಸಿಕೊಳ್ಳಿ. ಸ್ಲೋ ಮೋಷನ್ ಬೇಕೆಂದು ಸೆಕೆಂಡಿಗೆ 120 ಫ್ರೇಮಿನಂತೆ ತೆಗೆದು 24ರಲ್ಲಿ ಓಡಿಸಿದರೆ ಐದು ಪಟ್ಟು ನಿಧಾನ. ಆದರೆ ಟ್ಯೂಬ್‌ಲೈಟಿನ ಕೆಳಗೆ ಅದನ್ನು ಮಾಡಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಹಳೆಯ ಟ್ಯೂಬು ಸೆಕೆಂಡಿಗೆ ನೂರು ಸಲ ಮಿಡಿಯುತ್ತದೆ, 120 ಫ್ರೇಮಿನಲ್ಲಿ ಆ ಮಿಡಿತವೆಲ್ಲ ಅಲೆಯಲೆಯಾಗಿ ಕಾಣುತ್ತದೆ.

ಇನ್ನು ಹೊತ್ತಿನ ಲೆಕ್ಕ. ಕನ್ನಡದವರ ಕೈಯಲ್ಲಿ ಮಾತ್ರೆಯ ಲೆಕ್ಕ ಮೊದಲೇ ಇದೆ, ಯಾಕೆ ಬಿಡಬೇಕು? ಒಂದು ಮಾತ್ರೆಗೆ 6 ಫ್ರೇಮ್, ಅಂದರೆ ಕಾಲು ಸೆಕೆಂಡು ಎಂದಿಟ್ಟುಕೊಳ್ಳಿ. ಭಾಮಿನಿ ಷಟ್ಪದಿಯ ಮೊದಲ ಸಾಲು ಮೂರು ನಾಲ್ಕು, ಮೂರು ನಾಲ್ಕು, ಒಟ್ಟು 14 ಮಾತ್ರೆ. ಶಾಟುಗಳು 18 ಫ್ರೇಮ್, 24, 18, 24. ಒಂದು ಸಾಲಿಗೆ ಮೂರೂವರೆ ಸೆಕೆಂಡು. ಮೂರನೆಯ ಮತ್ತು ಆರನೆಯ ಸಾಲು 23 ಮಾತ್ರೆ. ಕೊನೆಯ ಗುರುವಿನ ಮೇಲೆ ಶಾಟ್ ಸ್ವಲ್ಪ ನಿಂತು ಉಸಿರಾಡುತ್ತದೆ. ಇಡೀ ಪದ್ಯ 102 ಮಾತ್ರೆ, 612 ಫ್ರೇಮ್, ಇಪ್ಪತ್ತೈದೂವರೆ ಸೆಕೆಂಡು. ಒಂದೇ ವಸ್ತುವಿನ, ಉದಾಹರಣೆಗೆ ರುಬ್ಬುವ ಕಲ್ಲಿನ, ಇಪ್ಪತ್ತೈದು ಮೂವತ್ತು ಶಾಟ್ ತೆಗೆದು ಈ ಅಚ್ಚಿಗೆ ಕೂರಿಸಿ ನೋಡಿ.

ಮೊದಲ ಸಲ ಕೂರಿಸಿದಾಗ ಚಿತ್ರ ಮಗ್ಗಿ ಒಪ್ಪಿಸಿದಂತೆ ಕೇಳುತ್ತದೆ, ಕೇಳುತ್ತದೆ ಅಂದೆ, ಕಾಣುತ್ತದೆ. ಏಕೆಂದರೆ ಎಲ್ಲ ಶಾಟಿನ ತೂಕ ಒಂದೇ ಅಲ್ಲ. ಕಲ್ಲಿನ ಗುಳಿಯ ಸಮೀಪದೃಶ್ಯ 18 ಫ್ರೇಮಿನಲ್ಲಿ ಅರ್ಥವಾಗುತ್ತದೆ. ಇಡೀ ಅಡುಗೆಮನೆ ಕಾಣುವ ದೂರದ ಶಾಟಿಗೆ ಅಷ್ಟೇ ಕೊಟ್ಟರೆ ಕಣ್ಣು ಎಲ್ಲಿ ನೋಡಲಿ ಎಂದು ಹುಡುಕುವುದರೊಳಗೆ ಅದು ಹೋಗಿರುತ್ತದೆ. ಗಮಕಿಗಳೂ ಕುಮಾರವ್ಯಾಸನನ್ನು ಕೈಗಡಿಯಾರ ಇಟ್ಟುಕೊಂಡು ಓದುವುದಿಲ್ಲ. ಅಚ್ಚು ಮೊದಲು ಕೂರಲಿ, ಆಮೇಲೆ ಎಲ್ಲಿ ಎಳೆಯಬೇಕೋ ಅಲ್ಲಿ ಎಳೆಯಿರಿ. ಅಚ್ಚೇ ಇಲ್ಲದೆ ಎಳೆದದ್ದು ಬರೀ ಉದ್ದ.

ಕ್ಯಾಮೆರಾವನ್ನೇ ಬಿಟ್ಟ ಚಿತ್ರವೊಂದಿದೆ. 1963ರಲ್ಲಿ ಅಮೆರಿಕದ ಸ್ಟ್ಯಾನ್ ಬ್ರಾಕೇಜ್ ಪತಂಗದ ರೆಕ್ಕೆ, ಹೂವಿನ ಎಸಳು, ಹುಲ್ಲುಗಳನ್ನು 16 ಮಿಲಿಮೀಟರಿನ ಪಾರದರ್ಶಕ ಟೇಪುಗಳ ನಡುವೆ ಅಂಟಿಸಿ, ಆ ಪಟ್ಟಿಯನ್ನು ಫಿಲ್ಮಿಗೆ ಪ್ರಿಂಟ್ ಹಾಕಿಸಿದರು. ಹೆಸರು ‘ಮಾತ್‌ಲೈಟ್’. ನಾಲ್ಕು ನಿಮಿಷದೊಳಗಿನದು, ಶಬ್ದವಿಲ್ಲ. ದೀಪಕ್ಕೆ ಬಿದ್ದು ಸತ್ತ ಹುಳುಗಳು ಪ್ರೊಜೆಕ್ಟರಿನ ದೀಪದಲ್ಲಿ ಮತ್ತೆ ಪಟಪಟ ಅನ್ನುತ್ತವೆ.

ಅದು ಯಾಕೆ ಪಟಪಟಿಸುತ್ತದೆ ಎನ್ನುವುದನ್ನು ಹತ್ತಿರದಿಂದ ನೋಡಬೇಕು. 16 ಮಿಲಿಮೀಟರ್ ಫಿಲ್ಮಿನಲ್ಲಿ ಒಂದು ಫ್ರೇಮಿನಿಂದ ಮುಂದಿನದಕ್ಕೆ 7.62 ಮಿಲಿಮೀಟರ್. ಮೊದಲ ಮಳೆಯ ಸಂಜೆ ದೀಪದ ಕೆಳಗೆ ಉದುರುತ್ತಾವಲ್ಲ, ಮಳೆಹುಳುವಿನ ರೆಕ್ಕೆ, ಅದನ್ನು ಎರಡು ಸೆಂಟಿಮೀಟರ್ ಎಂದುಕೊಳ್ಳಿ. ಪಟ್ಟಿಯ ಮೇಲೆ ಉದ್ದಕ್ಕೆ ಅಂಟಿಸಿದರೆ ಅದು ಮೂರು ಫ್ರೇಮಿಗೆ ಹರಿದು ಹಂಚಿಹೋಗುತ್ತದೆ. ಮೊದಲನೆಯದರಲ್ಲಿ ಬುಡ, ಎರಡನೆಯದರಲ್ಲಿ ನರಗಳ ಜಾಲ, ಮೂರನೆಯದರಲ್ಲಿ ತುದಿ. ಪರದೆಯ ಮೇಲೆ ಸೆಕೆಂಡಿನ ಎಂಟನೆಯ ಒಂದು ಪಾಲು. ಇಡೀ ರೆಕ್ಕೆಯನ್ನು ನೀವು ಎಂದೂ ನೋಡುವುದಿಲ್ಲ, ಮೂರು ತುಂಡು ಒಂದರ ಮೇಲೊಂದು ಬಿದ್ದು ಮಿದುಳು ಅದನ್ನು ಬಡಿತ ಎಂದು ಓದಿಕೊಳ್ಳುತ್ತದೆ. 15 ಸೆಂಟಿಮೀಟರಿನ ಅರಳಿ ಎಲೆ 20 ಫ್ರೇಮ್ ಹಿಡಿಯುತ್ತದೆ, ಸೆಕೆಂಡಿಗೆ ಸ್ವಲ್ಪ ಕಡಿಮೆ. ಎಲೆ ನಿಧಾನ, ರೆಕ್ಕೆ ಚುರುಕು. ಲಯ ವಸ್ತುವಿನ ಉದ್ದದಿಂದಲೇ ಬರುತ್ತದೆ.

ಖಾಲಿ ಫಿಲ್ಮು ಸಿಗುವುದು ಕಷ್ಟ. ಸ್ಕ್ಯಾನರಿನಿಂದ ಮಾಡಬಹುದು. ಎ4 ಅಳತೆಯ ಪಾರದರ್ಶಕ ಹಾಳೆಯ ಮೇಲೆ ಜೋಡಿಸಿ, ಸುಮಾರು 10 ಮಿಲಿಮೀಟರ್ ಅಗಲದ 20 ಕಂಬಸಾಲು ಮಾಡಿಕೊಳ್ಳಿ. ಪ್ರತಿ ಸಾಲಿನಲ್ಲಿ 7.62ರ ಲೆಕ್ಕಕ್ಕೆ ಪೂರ್ತಿ 38 ಫ್ರೇಮ್, ಒಟ್ಟು 760. ಒಂದು ಹಾಳೆಗೆ 31 ಸೆಕೆಂಡಿನ ಚಿತ್ರ. 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಪ್ರತಿ ಫ್ರೇಮಿಗೆ 720 ಗೆರೆ ಸಿಗುತ್ತದೆ, ಸಾಕು. ಇಡೀ ಹಾಳೆಯನ್ನು ಒಂದೇ ಸಲ ಆ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಲು ಹೋದರೆ ಫೈಲು ಒಂದೂವರೆ ಜಿಬಿ ದಾಟಿ ಕಂಪ್ಯೂಟರು ನಿಂತೀತು. ನಾಲ್ಕು ತುಂಡಾಗಿ ಮಾಡಿ. ಇನ್ನೊಂದು ತೊಂದರೆ, ಸ್ಕ್ಯಾನರಿನ ಬೆಳಕು ಎದುರಿನಿಂದ ಬೀಳುತ್ತದೆ, ರೆಕ್ಕೆಯ ಪಾರದರ್ಶಕತೆಯೇ ಹೋಗುತ್ತದೆ. ಆ ಹೊಳಪು ಬೇಕಿದ್ದರೆ ಎಲ್‌ಇಡಿ ಲೈಟ್‌ಬಾಕ್ಸ್ ಮೇಲಿಟ್ಟು ಕ್ಯಾಮೆರಾದಲ್ಲಿ ತೆಗೆಯಿರಿ, ಶಟರ್ 1/25ಕ್ಕಿಂತ ವೇಗ ಬೇಡ, ಪಟ್ಟೆ ಬೀಳುತ್ತದೆ. ಹಸಿ ಎಲೆಯನ್ನು ಅಂಟಿಸಬೇಡಿ. ಟೇಪಿನೊಳಗೆ ನೀರು ಬಿಟ್ಟು, ಗುಳ್ಳೆ ಎದ್ದು, ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಹಳೆ ಪತ್ರಿಕೆಯ ನಡುವೆ ಒತ್ತಿಟ್ಟು ಒಣಗಿಸಿ.

ಇದೆಲ್ಲ ಹೊರದೇಶದವರ ಹುಚ್ಚು ಎಂದುಕೊಳ್ಳಬೇಡಿ. 1948ರಲ್ಲಿ ಶುರುವಾದ ಸರ್ಕಾರಿ ಫಿಲ್ಮ್ಸ್ ಡಿವಿಷನ್ನಿನ ಒಳಗೇ, ಅಣೆಕಟ್ಟು ಮತ್ತು ಕುಟುಂಬ ಯೋಜನೆಯ ಚಿತ್ರಗಳ ನಡುವೆ, ಪ್ರಮೋದ್ ಪತಿ 1968ರಲ್ಲಿ ‘ಎಕ್ಸ್‌ಪ್ಲೋರರ್’, 1972ರಲ್ಲಿ ‘ಆಬಿದ್’ ಮಾಡಿದರು. ಎರಡನೆಯದರಲ್ಲಿ ಕಲಾವಿದ ಆಬಿದ್ ಸುರತಿ ಬೊಂಬೆಯಂತೆ ಫ್ರೇಮು ಫ್ರೇಮಾಗಿ ಚಲಿಸುತ್ತಾರೆ. ಪಿಕ್ಸಿಲೇಷನ್ ಎನ್ನುತ್ತಾರೆ. ಒಂದು ಭಂಗಿಗೆ ಎರಡು ಫ್ರೇಮ್ ಕೊಟ್ಟರೆ ಸೆಕೆಂಡಿಗೆ 12 ಭಂಗಿ, ನಿಮಿಷಕ್ಕೆ 720. ಮನುಷ್ಯ ತೇಲಬೇಕಿದ್ದರೆ ಹನ್ನೆರಡು ಸಲ ಜಿಗಿಯಬೇಕು, ಪ್ರತಿ ಸಲ ಮೇಲೆ ಇದ್ದಾಗಲೇ ಗುಂಡಿ ಒತ್ತಬೇಕು. ಅಲ್ಲಿಗೆ ಒಂದು ಸೆಕೆಂಡಿನ ತೇಲಾಟ. ಹತ್ತನೆಯ ಜಿಗಿತದ ಹೊತ್ತಿಗೆ ಎತ್ತರ ಕುಸಿದಿರುತ್ತದೆ, ಆದ್ದರಿಂದ ಕಷ್ಟದ್ದನ್ನು ಬೆಳಿಗ್ಗೆಯೇ ಮುಗಿಸಿ.

ಅಕ್ಷರವನ್ನೇ ಚಿತ್ರವಾಗಿ ಬಳಸುವವರಿಗೆ ಒಂದು ಎಚ್ಚರಿಕೆ. ಇಂಗ್ಲಿಷಿಗೆಂದು ಮಾಡಿದ ಟೈಪ್‌ರೈಟರ್ ಎಫೆಕ್ಟನ್ನು ಕನ್ನಡಕ್ಕೆ ಹಾಕಿದರೆ ‘ಸ್ತ್ರೀ’ ಎಂಬುದು ಮೊದಲು ‘ಸ’, ಆಮೇಲೆ ‘ಸ್’, ಆಮೇಲೆ ‘ಸ್ತ’, ‘ಸ್ತ್’, ‘ಸ್ತ್ರ’ ಎಂದು ಐದು ಸಲ ರೂಪ ಬದಲಿಸಿ ಕೊನೆಗೆ ‘ಸ್ತ್ರೀ’ ಆಗುತ್ತದೆ. ನೋಡುವವರಿಗೆ ಪದವೇ ತೊದಲಿದಂತೆ. ಅಕ್ಷರಗಳನ್ನು ಪೂರ್ತಿ ಅಕ್ಷರವಾಗಿಯೇ ಬೇರೆ ಬೇರೆ ಲೇಯರಿನಲ್ಲಿಡಿ. ಕೆಲವು ಎಡಿಟಿಂಗ್ ತಂತ್ರಾಂಶಗಳು ಒತ್ತಕ್ಷರವನ್ನೇ ಒಡೆದುಹಾಕುತ್ತವೆ. ಬೇರೆ ಕಡೆ ಟೈಪ್ ಮಾಡಿ, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಕೂರಿಸುವುದು ಕ್ಷೇಮ. ಸಾಲುಗಳ ನಡುವೆ ಒತ್ತಿಗೆ ಜಾಗ ಬಿಡಿ. ಪರದೆಯ ಮೇಲೆ ಎಷ್ಟು ಹೊತ್ತು ಇರಬೇಕೆಂದರೆ, ನೀವು ಬಾಯಿಬಿಟ್ಟು ನಿಧಾನವಾಗಿ ಎರಡು ಸಲ ಓದುವಷ್ಟು.

ಶಬ್ದದ ಬಗ್ಗೆ ಒಂದೇ ಮಾತು. ಮೌನ ಬೇಕಾದಾಗ ಸೌಂಡ್ ಟ್ರ್ಯಾಕನ್ನು ಪೂರ್ತಿ ಖಾಲಿ ಬಿಡಬೇಡಿ. ಚಿತ್ರ ತೆಗೆದ ಜಾಗದಲ್ಲೇ ಎಲ್ಲರನ್ನೂ ಸುಮ್ಮನಾಗಿಸಿ ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ, ಫ್ರಿಜ್ಜಿನ ಗುಂಯ್ ಸಹಿತ. ಆ ಮೌನವನ್ನು ಬಳಸಿ. ಇಲ್ಲದಿದ್ದರೆ ಸಭಿಕರೆಲ್ಲ ಪರದೆ ಬಿಟ್ಟು ಹಿಂದೆ ತಿರುಗಿ ಆಪರೇಟರನ್ನು ನೋಡುತ್ತಾರೆ. ಮೊದಲಿನಿಂದ ಕೊನೆವರೆಗೂ ಮೂಕವಾದ ಚಿತ್ರವಾದರೆ ಆ ಚಿಂತೆಯಿಲ್ಲ, ಒಂದು ನಿಮಿಷದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ.

ಈಗ ದೀಪ ಆರಿಸಿ ಟ್ಯಾಲಿ ಬೀಟಿಯ ಆ ಮೂರು ನಿಮಿಷ ನೋಡೋಣ. ಎರಡು ಸಲ ಹಾಕುತ್ತೇವೆ. ಮೊದಲ ಸಲ ಸುಮ್ಮನೆ ನೋಡಿ, ಎರಡನೆಯ ಸಲ ಅವನ ಕಾಲನ್ನು ಮಾತ್ರ. ಸ್ಪೀಕರ್ ಕೆಟ್ಟಿಲ್ಲ.